ಕೆಳಗಿನ ಖಾನೆ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಬಡಗಿಯೊಬ್ಬರು ಉದ್ದನೆಯ ಹಲಗೆ ಹಿಡಿದು ಕೂತಿದ್ದರು. ಅದರ ತುದಿ ಎರಡು ಸಲ ನನ್ನ ಮೊಣಕಾಲಿಗೆ ತಾಗಿದ್ದರಿಂದ ನನ್ನ ಕಿವಿಯೂ ಅತ್ತಲೇ ಇತ್ತು. ಹೊಸ ಲೈಬ್ರರಿಯ ಮೇಡಂ ಬಂದು ಅವರ ಮುಂದೆ ನಿಂತರು.

“ಹಲಗೆ ಹೊತ್ಕೊಂಡು ಎಲ್ಲಿಗೆ ಯಜಮಾನ್ರೇ?”

“ನಿಮ್ಮಲ್ಲಿಗೇ ಮೇಡಂ. ಮಕ್ಕಳ ಕಪಾಟಲ್ಲಿ ಕೆಳಗಿನ ಖಾನೆಗೆ ಅಡ್ಡ ಹಲಗೆ ಹೊಡೀದೆ ಹಾಗೇ ಬಿಟ್ಟಿದ್ನಲ್ಲ, ಮರ ಸಾಲದೆ. ಅದು ನೆನಪಾದ್ರೆ ತಿಂದಿದ್ದು ಮೈಗೆ ಹತ್ತಲ್ಲ.”

“ದಮ್ಮಯ್ಯ, ಅದನ್ನ ಮುಚ್ಚಬೇಡಿ!”

“ಯಾಕೆ?”

“ಮೂರು ಮಕ್ಕಳು ದಿನಾ ಅದರೊಳಗೆ ತೂರ್ಕೊಂಡು ಓದ್ತಾವೆ. ಸಂಜೆ ಲೈಬ್ರರಿ ಬಾಗಿಲು ಹಾಕ್ತೀನಿ ಅಂದ್ರೂ ಏಳಲ್ಲ. ಅವಕ್ಕೊಂದು ಮೂಲೆ ಮಾಡೋಕೆ ನಕ್ಷೆಯಲ್ಲಿ ಎಷ್ಟು ಹುಡುಕಿದ್ರೂ ಜಾಗ ಸಿಕ್ಕಿರ್ಲಿಲ್ಲ. ನೀವು ಮಾಡ್ಕೊಟ್ರಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

“ಅರ್ಧ ಕೆಲಸಕ್ಕೆ ಹರಸೋರನ್ನ ಇವತ್ತೇ ನೋಡಿದ್ದು! ಈ ಹಲಗೆ ಏನ್ಮಾಡ್ಲಿ ಈಗ?”

“ಆ ಖಾನೆಯ ನೆಲಕ್ಕೆ ಹಾಕಿ. ಕೂತರೆ ಥಂಡಿ ಹೊಡೆಯುತ್ತೆ ಅಂತಾವೆ.”

ಬಸ್ ಬಂತು. ಹಲಗೆಯ ಒಂದು ತುದಿಯನ್ನು ಬಡಗಿ ಎತ್ತಿದರು, ಇನ್ನೊಂದನ್ನು ಮೇಡಂ ಹಿಡಿದರು.

“ಮೂವರಿಗೆ ಇಷ್ಟುದ್ದ ಸಾಕಲ್ವಾ?” ಎಂದರು ಮೇಡಂ.

“ನಾಲ್ವರು ಅಂದ್ಕೊಳ್ಳಿ. ನಾಳೆಯಿಂದ ನನ್ನ ಮೊಮ್ಮಗಳೂ ಬರ್ತಾಳೆ.”