ಒಂಬತ್ತು ಮನೆಯ ಊರಿನ ಪುಸ್ತಕ

ನ್ಗಾರಾ ಎಂಬ ಹೊರದೇಶದ ಬಡಾವಣೆಯ ದಿನಸಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಕನ್ನಡದ ಹೆಂಗಸರು. ಹಿರಿಯಾಕೆಯ ಕೈಯಲ್ಲಿ ಐರ್ಲೆಂಡಿನಿಂದ ಅಂಚೆಯಲ್ಲಿ ಬಂದ ಪುಸ್ತಕ.

"ಭಾನು ಅಕ್ಕ, ನೀವು ಮೊದಲಿದ್ದ ಹಳ್ಳಿಯ ಚರಿತ್ರೆನಾ?"

"ಹೂಂ. ಇರೋದೇ ಒಂಬತ್ತು ಮನೆ. ವರ್ಷಕ್ಕೊಂದು ಮನೇಲಿ ಪಾದ್ರಿ ಬಂದು ಪೂಜೆ ಮಾಡ್ತಾರೆ, ಊರಿಗೆಲ್ಲ ಅಲ್ಲೇ ತಿಂಡಿ."

"ನಿಮ್ಮನೇಲೂ ಆಯ್ತಾ?"

"ನಮ್ಮ ಸರದಿ ಬಂದಾಗ ಗೋಡೆಗೆ ಬಣ್ಣ ಹೊಡೆಸಿ, ಉಪ್ಪಿಟ್ಟು ಬಡಿಸಿದೆ. ಇದನ್ನ ಬರೆದ ಮೋರಿನ್ ಎರಡು ಸಲ ಹಾಕಿಸಿಕೊಂಡಳು."

"ಅದೂ ಇದೆಯಾ?"

"'ಆ ವರ್ಷ ಪೂಜೆ ನಡೆಯಲಿಲ್ಲ' ಅಂತಿದೆ."

"ಮರೆತಿರಬೇಕು ಬಿಡಿ."

"ಮರೆತವಳು ಫೋಟೋ ಹಾಕ್ತಾಳಾ? ನೋಡು, ನಮ್ಮ ಅಡುಗೆಮನೆ, ಪಾದ್ರಿ ಕೈಯಲ್ಲಿ ನನ್ನ ಸ್ಟೀಲ್ ಲೋಟ. ಕೆಳಗೆ ಪಕ್ಕದ ಮನೆಯವರ ಹೆಸರು."

ಅವರ ಸರದಿ ಬಂತು. ಹಿರಿಯಾಕೆ ಅಂಗಡಿಯವನಿಗೆ ಅಲ್ಲಿನ ಭಾಷೆಯಲ್ಲಿ "ಅಸಾಂಟೆ" ಎಂದು ಧನ್ಯವಾದ ಹೇಳಿ ರವೆ ತೆಗೆದುಕೊಂಡರು. ಪುಸ್ತಕವನ್ನು ಚೀಲದ ತಳಕ್ಕೆ ಹಾಕಿ, ಅದರ ಮೇಲೆ ರವೆ ಇಟ್ಟು ಹೊರಟರು.