ಟೇಲರಮ್ಮನ ಹಳೇ ಕಾಲು

ಅಲ್ಲ, ಕೂತ್ಕೊಳ್ಳಿ ಅಂದೆ. ಬಾಗಿಲಲ್ಲೇ ನಿಂತು ಮಾತಾಡಿಸೋಕೆ ನಾನೇನು ಹೊರಗಿನವನಾ ಟೇಲರಮ್ಮ? ಆ ಸ್ಟೂಲ್ ಎಳ್ಕೊಳ್ಳಿ. ತಡೀರಿ, ಪ್ಲಾಸ್ಟರ್ ಪುಡಿ ಇದೆ, ಒರೆಸ್ತೀನಿ... ಹಾಂ, ಈಗ ಕೂತ್ಕೊಳ್ಳಿ. ಕಾಲು ಮುಚ್ಚಿಟ್ಕೋಬೇಡಿ. ಗೊತ್ತಾಯ್ತು ನನಗೆ, ನೀವು ಮೆಟ್ಟಿಲು ಹತ್ತೋವಾಗಲೇ ಗೊತ್ತಾಯ್ತು. ಹದಿನಾಲ್ಕು ತಿಂಗಳು ನಿಮ್ಮ ಹೆಜ್ಜೆ ಕೇಳಿದೀನಿ. ಟಕ್, ಆಮೇಲೆ ಒಂದು ಎಳೆತ, ಆಮೇಲೆ ಟಕ್. ಇವತ್ತು ಆ ಎಳೆತ ಇರ್ಲಿಲ್ಲ. ಯಾರೋ ಬೇರೆ ಹೆಂಗಸು ಬರ್ತಿದಾರೆ ಅಂದ್ಕೊಂಡೆ.

ಯಾರು ಮಾಡಿದ್ದು ಈ ಕಾಲು?

ಹೇಳಲ್ವಾ. ಸರಿ, ಹೇಳ್ಬೇಡಿ. ಸೇತುವೆ ಆಚೆ ಗಾಜಿನ ಬಾಗಿಲು ಹಾಕಿ ಕೃತಕ ಕಾಲಿನ ಅಂಗಡಿ ಶುರು ಮಾಡಿದಾರಲ್ಲ, ಅವರೇ ತಾನೆ? ಹೂಂ, ತಲೆ ಆಡಿಸಿದ್ರಲ್ಲ, ಅಷ್ಟು ಸಾಕು. ಕೊಡಿ, ನೋಡೋಣ... ಅಯ್ಯೋ, ಕಿತ್ಕೊಳ್ಳಲ್ಲ, ಹೆದರ್ಬೇಡಿ, ಬರೀ ನೋಡ್ತೀನಿ. ಬಣ್ಣ ನೋಡಿ ಇದರದ್ದು. ಮೈಬಣ್ಣವಂತೆ. ಯಾರ ಮೈ ಈ ಬಣ್ಣ ಇರುತ್ತೆ? ಕಾಮಾಲೆ ಬಂದವರದ್ದು ಇರಬಹುದು. ಯಾಕೆ ನಗ್ತೀರಿ? ...ನಗ್ಲಿಲ್ವಾ. ನನಗೆ ಹಾಗನ್ನಿಸ್ತು.

ಕೂತಿರೋದು ಸರಿಯಾಗಿ ಕೂತಿದೆ. ಇಲ್ಲ ಅನ್ನಲ್ಲ ನಾನು. ಕಾಲುಚೀಲ ಎಷ್ಟು ಹಾಕಿದೀರಿ, ಒಂದೇನಾ? ಒಂದೇ.

ಆದ್ರೂ ನನಗೊಂದು ಮಾತು ಹೇಳ್ಬಹುದಿತ್ತು. ಅಣ್ಣ, ನಾನು ಬೇರೆ ಕಡೆ ಹೋಗ್ತೀನಿ, ಇಷ್ಟೇ. ಹಾಳಾಗಿ ಹೋಗಿ ಅಂತ ಅಂದಿರ್ತಿದ್ದೆ, ಸಂಜೆವರೆಗೂ ಮುಖ ಊದಿಸ್ಕೊಂಡಿರ್ತಿದ್ದೆ, ಆಮೇಲೆ ಸರಿಹೋಗ್ತಿದ್ದೆ. ಮೂರು ವಾರದಿಂದ ನೀವು ಬಂದಿಲ್ಲ. ಜ್ವರ ಇರಬಹುದು, ಮಗಳ ಮನೆಗೆ ಹೋಗಿರಬಹುದು ಅಂತ ನನಗೆ ನಾನೇ ಹೇಳ್ಕೊಂಡು ದಾರಿ ಕಾಯ್ತಿದ್ದೆ. ನೀವು ನೋಡಿದ್ರೆ ಸೇತುವೆ ದಾಟಿ ಹೋಗಿ ನನಗೆ ಕೈ ಕೊಟ್ಟಿದೀರಿ. ಹೊಟ್ಟೆ ಉರಿಯುತ್ತೆ ರೀ. ಸುಳ್ಳು ಯಾಕೆ ಹೇಳ್ಲಿ, ಉರಿಯುತ್ತೆ.

ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದ ದಿನ ನೆನಪಿದೆಯಾ? ಭೂಮಿ ನಡುಗಿ ಎರಡು ತಿಂಗಳಾಗಿತ್ತು. ಟೆಂಟ್ ಆಸ್ಪತ್ರೆಯಿಂದ ತಳ್ಳುಗಾಡೀಲಿ ತಂದು ಇಳಿಸಿದ್ರು. ಆಗ ಈ ಶೆಡ್ಡಿಗೆ ಬಾಗಿಲು ಕೂಡ ಇರ್ಲಿಲ್ಲ. ಹೊರಗೆ ನಲವತ್ತು ಜನ ಸಾಲು ನಿಂತಿದ್ರು, ನಿಂತಿದ್ರು ಅಂತ ಹೇಳೋದು, ನಿಲ್ಲೋಕೆ ಕಾಲಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು. ಅಂಥದ್ರಲ್ಲಿ ನೀವು ಕೇಳಿದ್ದು ಒಂದೇ ಮಾತು. ನಡೆಯೋದು ಆಮೇಲಾಗ್ಲಿ ಅಣ್ಣ, ಹೊಲಿಗೆ ಮೆಷಿನ್ ತುಳಿಯೋಕೆ ಆಗುತ್ತಾ? ಆ ಮಾತಿಗೇ ನಾನು ಕರಗಿಹೋದೆ.

ಎಂಟು ದಿನದಲ್ಲಿ ಕೊಟ್ಟೆ. ಬೇರೆಯವರು ತಿಂಗಳುಗಟ್ಟಲೆ ಕಾದ್ರು, ನಿಮಗೆ ಎಂಟೇ ದಿನ. ಸಾಲಲ್ಲಿದ್ದವರು ನನ್ನ ಮೇಲೆ ಹರಿಹಾಯ್ದ್ರು, ಇವಳು ನಿನಗೇನು ನೆಂಟಳಾ ಅಂತ ಕೇಳಿದ್ರು. ಹೌದು, ನನ್ನ ತಂಗಿ, ಏನೀಗ ಅಂದೆ. ಅಂದೆನಾ ಇಲ್ವಾ? ನೀವು ಆ ಎರಡು ಕಂಬಿ ಹಿಡ್ಕೊಂಡು ಮೊದಲನೇ ಹೆಜ್ಜೆ ಇಟ್ಟಾಗ ನಾನು ಆ ಗೋಡೆ ಕಡೆ ತಿರುಗಿಬಿಟ್ಟೆ. ನೀವೇ ಬಂದು ಸಮಾಧಾನ ಮಾಡಿದ್ರಿ, ಅಳ್ಬೇಡಿ ಅಣ್ಣ, ನಾನು ಚೆನ್ನಾಗಿದೀನಿ ಅಂತ. ಅಂಥವರು ನೀವು.

ಏನು? ಹಳೇ ಕಾಲು ಒತ್ತಿ ಆದ ಹುಣ್ಣು ತೋರಿಸ್ತೀರಾ? ಬೇಡ, ನೋಡಿದೀನಿ. ಎಷ್ಟು ಸಲ ನೋಡಿಲ್ಲ. ಶುರುವಿನಲ್ಲಿ ಎಲ್ಲರಿಗೂ ಆಗುತ್ತೆ. ಕತ್ತರಿಸಿ ಉಳಿದ ತುಂಡು ಕಾಲು ದಿನೇ ದಿನೇ ಸೊರಗುತ್ತೆ, ಅದು ಕೂರೋ ಬಟ್ಟಲು ಸಡಿಲ ಆಗುತ್ತೆ. ಅದಕ್ಕೇ ಇನ್ನೊಂದು ಕಾಲುಚೀಲ ಹಾಕ್ಕೊಳ್ಳಿ ಅಂತಿದ್ದೆ. ಹಾಕ್ಕೊಂಡ್ರಿ. ಇನ್ನೊಂದು ಅಂದೆ, ಅದನ್ನೂ ಹಾಕ್ಕೊಂಡ್ರಿ. ಒಂದು ದಿನವಾದ್ರೂ ಎದುರು ಮಾತಾಡ್ಲಿಲ್ಲ. ನಿಮ್ಮ ಮಗಳೇ ಬಂದು ಜಗಳಕ್ಕೆ ನಿಂತಿದ್ದು. ಊರವರ ಕಾಲೆಲ್ಲ ಸರಿ ಮಾಡ್ಕೊಡ್ತೀರಿ, ನಮ್ಮಮ್ಮಂದು ಮಾತ್ರ ಯಾಕಿಲ್ಲ ಅಂದ್ಲು. ನಾನೂ ಗದರಿಸಿ ಕಳಿಸ್ದೆ. ಅವಳೇ ಇರ್ಬೇಕು ನಿಮ್ಮ ತಲೆ ಕೆಡಿಸಿದ್ದು. ಅಲ್ವಾ? ಮತ್ಯಾರು?

ಆ ಬಟ್ಟೆ ಚೀಲದಲ್ಲೇನಿದೆ?

ಓ... ನಾನು ಕೊಟ್ಟ ಕಾಲು ವಾಪಸ್ ತಂದ್ರಾ.

ಮೇಜಿನ ಮೇಲಿಡ್ಬೇಡಿ, ಅಂಟು ಇದೆ. ಇಲ್ಲಿ ಕೊಡಿ, ನನ್ನ ಕೈಗೆ ಕೊಡಿ. ತೊಳೆದು ತಂದಿದೀರಿ. ಒಳಗೂ ಒರೆಸಿದೀರಿ. ಬೇರೆಯವರಾಗಿದ್ರೆ ತಿಪ್ಪೆಗೆ ಎಸೀತಿದ್ರು.

ಯಾಕೆ, ಬೆರಳು ಯಾಕೆ ಹಾಕ್ತೀರಿ ಅದರೊಳಗೆ? ಹೌದು, ಗುಳಿ. ಗುಳಿ ಬಿಡ್ಲೇಬೇಕು. ಅಚ್ಚು ತೆಗೆಯುವಾಗ ನೀಲಿ ಪೆನ್ಸಿಲಲ್ಲಿ ಗುರುತು ಹಾಕ್ತೀವಲ್ಲ, ಮೂಳೆ ಎಲ್ಲಿ ಚುಚ್ಚುತ್ತೆ, ಎಲ್ಲಿ ಮುಟ್ಟಿದ್ರೆ ಜೀವ ಹೋಗುತ್ತೆ ಅಂತ. ಆಮೇಲೆ ಅಚ್ಚಿನ ಮೇಲೆ ಅದೇ ಜಾಗಕ್ಕೆ ಒಂದು ಚಮಚ ಪ್ಲಾಸ್ಟರ್ ಜಾಸ್ತಿ ಮೆತ್ತಿದ್ರೆ ಬಟ್ಟಲಲ್ಲಿ ಅಲ್ಲಿ ಗುಳಿ ಬರುತ್ತೆ, ಒತ್ತಲ್ಲ. ಮಾಮೂಲಿ ಕೆಲಸ ಅದು.

ನಿಮಗೆ ಚುಚ್ಚೋದು ಕಾಲಿನ ಒಳಮಗ್ಗುಲಲ್ಲಿ. ಗೊತ್ತು. ಗುಳಿ ಇರೋದು ಹೊರಮಗ್ಗುಲಲ್ಲಿ. ಅದೂ ಗೊತ್ತು.

ಆ ಸೇತುವೆಯವರು ತೋರಿಸಿದ್ರಾ? ಏನಂದ್ರು? ನೆಲ ನೋಡ್ಬೇಡಿ, ನನ್ನ ನೋಡಿ ಹೇಳಿ. ಇದು ನಿಮ್ಮ ಅಳತೆದಲ್ಲ ಅಂದ್ರಾ? ಅವರಿಗೇನ್ರೀ ಗೊತ್ತು, ಅವರು ಬಂದಿದ್ದು ಎಲ್ಲ ಮುಗಿದ ಮೇಲೆ. ಆಗ ಇಲ್ಲಿ ನಲವತ್ತು ಜನ, ಕರೆಂಟು ಒಂದು ಹೊತ್ತು ಇದ್ರೆ ಒಂದು ಹೊತ್ತು ಇಲ್ಲ, ನಾನೊಬ್ಬನೇ. ಕೈತಪ್ಪು ಆಗಿರುತ್ತೆ. ಯಾರದೋ ಅಚ್ಚು ಯಾರಿಗೋ... ಆಗಲ್ವಾ? ನಿಮಗೂ ಆಗಿಲ್ವಾ, ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಕೊಟ್ಟಿದ್ದು?

ಏನಾದ್ರೂ ಅನ್ನಿ. ಬೈಯಿರಿ. ನಿಮ್ಮ ಮಗಳಾದ್ರೂ ಬೈದ್ಲು, ತಡ್ಕೊಂಡೆ. ನೀವು ಹಿಂಗೆ ಆ ಗುಳಿ ಸವರ್ತಾ ಕೂತ್ರೆ ನಾನೇನು ಮಾಡ್ಲಿ?

...ಕೈತಪ್ಪಲ್ಲ ಟೇಲರಮ್ಮ.

ನಿಮ್ಮ ಅಚ್ಚು ಅಗೋ, ಆ ಮೇಲಿನ ಹಲಗೆ ಮೇಲಿದೆ. ಧೂಳು ಹಿಡಿದಿದೆಯಲ್ಲ, ಅದೇ. ನಿಮ್ಮ ಕಾಲಿಗೆ ಸುತ್ತಿ ತೆಗೆದ ಬರೀ ಪಟ್ಟಿ, ಒಳಗೆ ಟೊಳ್ಳು. ಪ್ಲಾಸ್ಟರ್ ತುಂಬಿಸ್ಲೇ ಇಲ್ಲ ನಾನು. ಅಚ್ಚು ತೆಗೆಯೋ ಹಾಗೆ ಮಾಡಿದೆ, ಅಷ್ಟೇ. ನಿಮ್ಮ ಕಾಲು ನೀವು ಬರೋಕೆ ಮುಂಚೆನೇ ತಯಾರಾಗಿತ್ತು.

ನಮ್ಮನೆಯವಳದು.

ಅವಳು ಭೂಮಿ ನಡುಗಿದ ದಿನವೇ ಹೋದ್ಲು ಅಂತ ನಿಮಗೂ ಹೇಳಿದೀನಿ, ಎಲ್ಲರಿಗೂ ಹೇಳಿದೀನಿ. ಆ ದಿನ ಅಲ್ಲ. ಚಪ್ಪಡಿ ಎತ್ತಿ ಹೊರಗೆ ತೆಗೆದಾಗ ಮಾತಾಡ್ತಿದ್ಲು. ಬಲಗಾಲು ತೆಗೆದ್ರು, ನಿಮ್ಮ ಹಾಗೇನೆ, ಮೊಣಕಾಲಿಂದ ಗೇಣು ಕೆಳಗೆ. ಏಳು ವಾರ ಇದ್ಲು. ಏಳು ವಾರ ಅಂದ್ರೆ ಜನ ಕೇಳ್ತಾರಲ್ಲ, ಹಾಗಾದ್ರೆ ನೀನು ಕಾಲು ಮಾಡಿಕೊಟ್ಯಾ ಅಂತ. ಮಾಡಿದ್ದೆ. ಅವಳಿಗೆ ಹೊರಮಗ್ಗುಲಲ್ಲಿ ಮೂಳೆ ಸ್ವಲ್ಪ ಎದ್ದಿತ್ತು, ಅಲ್ಲಿ ಗುಳಿ ಬಿಟ್ಟೆ. ಸೋಮವಾರ ನಿಲ್ಲಿಸ್ತೀನಿ ಅಂದಿದ್ದೆ. ಶನಿವಾರ ಜ್ವರ ಏರಿತು. ಅವಳು ಆ ಕಾಲು ಹಾಕ್ಕೊಂಡು ಒಂದು ಹೆಜ್ಜೆನೂ ಇಡ್ಲಿಲ್ಲ.

ಮಾರನೇ ವಾರ ನೀವು ಬಂದ್ರಿ. ಅದೇ ಎತ್ತರ, ಅದೇ ಬಲಗಾಲು. ಹತ್ತಿರ ಹತ್ತಿರ ಸರಿಹೋಗುತ್ತೆ ಅನ್ನಿಸ್ತು. ಸುಳ್ಳು. ಸರಿಹೋಗಲ್ಲ ಅಂತ ಗೊತ್ತಿತ್ತು. ಆ ಕಾಲು ನಡೆಯೋದು ನೋಡ್ಬೇಕಿತ್ತು ನನಗೆ. ನಿಮ್ಮ ಮುಖ ಕಣ್ಣಿಗೇ ಬೀಳ್ತಿರ್ಲಿಲ್ಲ ಟೇಲರಮ್ಮ, ನಾನು ನೋಡ್ತಿದ್ದದ್ದು ಕೆಳಗೆ.

ಎದ್ದು ಹೋಗ್ಬೇಡಿ. ಇನ್ನೊಂದಿದೆ, ಅದನ್ನೂ ಕೇಳಿಬಿಡಿ.

ನಿಮ್ಮ ಮಗಳು ಜಗಳ ಮಾಡಿ ಹೋದ ಮೇಲೆ ಈ ಕಾಲನ್ನ ನಿಮ್ಮಿಂದ ಇಸ್ಕೊಂಡು ಒಳಗೆ ತಗೊಂಡು ಹೋದೆನಲ್ಲ. ಬಿಸಿಗಾಳಿ ಹಿಡಿದು, ಪ್ಲಾಸ್ಟಿಕ್ ಮೆತ್ತಗಾದ ಮೇಲೆ ಬಟ್ಟಲೊಳಗಿಂದ ಹೆಬ್ಬೆರಳಲ್ಲಿ ಒತ್ತಿದ್ರೆ ನಿಮಗೆ ಬೇಕಾದ ಕಡೆ ಗುಳಿ ಬೀಳ್ತಿತ್ತು. ಐದು ನಿಮಿಷದ ಕೆಲಸ. ಗಾಳಿ ಹಿಡಿದೆ. ಮೆತ್ತಗಾಗೋಕೆ ಶುರುವಾಯ್ತು. ಒತ್ತಿದ್ರೆ ಅವಳ ಕಾಲಿನ ಆಕಾರ ಹೋಗಿಬಿಡುತ್ತೆ. ಸ್ವಿಚ್ ಆರಿಸ್ದೆ. ಐದು ನಿಮಿಷ ಬಿಟ್ಟು ಹೊರಗೆ ಬಂದೆ, ಸರಿ ಮಾಡಿದೀನಿ ಅಂತ ಹೇಳಿ ನಿಮ್ಮ ಕೈಗೆ ಕೊಟ್ಟೆ.

ನೀವು ಹಾಕ್ಕೊಂಡು ಈ ಬಾಗಿಲವರೆಗೂ ನಡೆದ್ರಿ. ತಿರುಗಿ ನೋಡಿ, ಈಗ ಎಷ್ಟೋ ಹಾಯಾಗಿದೆ ಅಣ್ಣ ಅಂದ್ರಿ.