ಮಗ್ಗದ ಕಣ್ಣಿಗೆ ಕುಂಕುಮ

ಹಲೋ... ಯಾರ್ರಿ ಮಾತಾಡೋದು?... ಶರತ ಸರ? ವಿಶ್ವವಿದ್ಯಾಲಯದ ಸ್ಟಾರ್ಟಪ್ ಕೇಂದ್ರದವರು?... ನಮಸ್ಕಾರ್ರಿ. ನಾನ ರೀ, ಬನಶಂಕರಿ. ಗಜೇಂದ್ರಗಡಕ್ಕ ಬಂದೇನಿ, ಮನ್ಯಾಗ ಮಗ್ಗದ ಮುಂದ ಕುಂತೇನಿ.

...

ಇಲ್ರಿ, ಇನ್ನೂ ಕಳಿಸಿಲ್ಲ. ಇಪ್ಪತ್ತೊಂದು ದಿನದ ವರದಿಗೆ ನನ್ನ ಸಹಿ ಬೇಕು, ಗೊತ್ತೈತ್ರಿ. ಆದ್ರ ನಡುವ ಒಂದು ಎಡವಟ್ಟಾಗೇತಿ... ಚುಟುಕಾಗಿ ಹ್ಯಾಂಗ ಹೇಳ್ಲಿ ಸರ? ಏನ ಹೇಳೂದಿದ್ರೂ ಕಥಿಯಿಂದ ಶುರು ಮಾಡ್ರಿ ಅಂತ ತರಬೇತಿಯೊಳಗ ನೀವ ಹೇಳಿದ್ರಿ, ಅಲ್ಲೇನ್ರಿ?

...

ಹಾಂ, ಹಂಗಾರ ಕೇಳ್ರಿ. ಏಳು ಸಮುದ್ರದಾಚೆ ಅಲ್ಲ, ಇಲ್ಲೇ ಗುಡ್ಡದ ಬುಡಕ್ಕ ಒಂದೂರು. ಆ ಊರಾಗ ಒಬ್ಬಾಕಿ ಮುದುಕಿ. ಸೀರಿ ನೇಯ್ದು ನೇಯ್ದು ಆಕಿ ಕಣ್ಣಿಗೆ ಮಂಜು ಕವೀತು. ಎಳಿ ಹರಿದದ್ದು ಕಾಣವಲ್ದು. ಆಗ ಮೊಮ್ಮಗಳು ಮಾತು ಕೊಟ್ಟಳು: ಆಯಿ, ವಿಶ್ವವಿದ್ಯಾಲಯಕ್ಕ ಹೋಗಿ ನಿನಗೊಂದು ಕಣ್ಣು ತರ್ತೀನಿ.

...

ಹೌದ್ರಿ, ಆ ಮುದುಕಿ ನಮ್ಮ ಆಯಿನ, ಫಕೀರವ್ವ. ನಿಮ್ಮ ಕಡತದಾಗ 'ಫಲಾನುಭವಿ ಸಂಖ್ಯೆ ಒಂದು' ಅಂತ ಇರೋದು ಆಕಿನ. ಎರಡನೇದವರು ಯಾರೂ ಇಲ್ಲ ಬಿಡ್ರಿ.

...

ಕಣ್ಣು ತಂದೆ, ಮಗ್ಗಕ್ಕ ಕಟ್ಟಿದೆ. ಎಳಿ ಹರಿದ್ರ ಕ್ಯಾಮೆರಾ ನೋಡಿ ಗಂಟಿ ಬಾರಿಸಬೇಕು, ನನ್ನ ಸಂಶೋಧನೆ ಅಷ್ಟ. ಇಪ್ಪತ್ತೊಂದು ದಿನ ಗಂಟಿನ ಬಾರಿಸಲಿಲ್ಲ. ದೋಷ ಶೂನ್ಯ, ಕಣ್ಣಿಟ್ಟ ಮ್ಯಾಲೆ ಎಳಿ ಹರಿಯೂದ ನಿಂತೈತಿ ಅಂತ ನೀವು ಪೇಡೆ ಹಂಚಿದ್ರಿ. ನಾನೂ ಹಾಸ್ಟೆಲಿನ್ಯಾಗ ಕುಂತು ನಂಬಿದೆ. ಸಣ್ಣಾಕಿದ್ದಾಗ ಆಯಿ ಕಥ್ಯಾಗ ಕುದುರಿ ಹಾರಿದ್ದು ನಂಬಿದಾಕಿ, ಇದ್ಯಾವ ದೊಡ್ಡದು?

...

ಇವತ್ತು ಮುಂಜಾನೆ ಬಂದು ನೋಡಿದ್ರ ಕಣ್ಣಿನ ತುಂಬ ಕುಂಕುಮ.

...

ಕುಂಕುಮ ಸರ, ಎಣ್ಣ್ಯಾಗ ಕಲಸಿದ್ದು. ನಾನು ಕಣ್ಣು ಕಟ್ಟಿ ಹೋದ ದಿನಾನ ಆಯಿ ಹಚ್ಚ್ಯಾಳ. ಮಗ್ಗಕ್ಕ ಹೊಸಾದೇನರ ಏರಿದ್ರ ಪೂಜಿ ಮಾಡದ ನಮ್ಮಾಯಿ ಲಾಳಿ ಮುಟ್ಟೂದಿಲ್ಲ. ಹಣಿನ ಇಲ್ಲದ ಕಣ್ಣಿಗೆ ಕುಂಕುಮ ಬ್ಯಾರೆ ಎಲ್ಲಿ ಹಚ್ಚಲಿ ಅಂತ ನನಗ ಕೇಳ್ತಾಳ.

...

ಎಳಿ ಹರದಾವ್ರಿ, ಹರೀದ ಇರ್ತಾವೇನು? ಇಷ್ಟು ದಿನದಾಗ ಎರಡು ಸೀರಿ ಹೋದ್ವು, ನೇಯ್ಗಿಯೊಳಗ ಸಂದಿ ಬಿದ್ದಾವ ಅಂತ ಸಾವಕಾರ ಎರಡೂ ತಿರುಗಿ ಕಳಿಸ್ಯಾನ. ಇನ್ನೊಂದು ಹಿಂಗ ಬಂದ್ರ ನಿನಗ ನೂಲ ಕೊಡೂದಿಲ್ಲ ಅಂದಾನಂತ. ನೂಲಿಲ್ಲಂದ್ರ ಆಯಿ ಮಗ್ಗ ಬಿಚ್ಚಿದಂಗ. ಮೂರನೇ ಸೀರಿ ಇವತ್ತ ಶುರು.

...

ಒರಸಬ್ಯಾಡಂತೀರಿ? ಯಾಕ?... ಕಂಪನಿ ಹೆಸರ 'ಶೂನ್ಯದೋಷ'?... ಇನ್ನೂರು ಟೀ-ಶರ್ಟ್ ಅಚ್ಚಾಗ್ಯಾವ... ನನ್ನ ಪಿಎಚ್‌ಡಿ ಗೈಡ್ ಸರ್ ಅಳಿಯ ಸಿಇಒ. ಮತ್ತ ನಾನು?... 'ಸ್ಫೂರ್ತಿ'. ಅದು ಹುದ್ದೆ ಏನ್ರಿ ಸರ?

...

ಏನಂದ್ರಿ? ಕುಂಕುಮಕ್ಕ ಪೇಟೆಂಟ್?... 'ದೇಶಿ ರಕ್ಷಾಲೇಪನ'... ಸರ, ಅದು ಸಂತ್ಯಾಗ ಹತ್ತು ರೂಪಾಯಿಗೆ ಡಬ್ಬಿ ಸಿಗತೈತ್ರಿ.

...

ಹೂಂ. ಹನ್ನೊಂದಕ್ಕ ಕಂಪನಿ ಉದ್ಘಾಟನೆ, ಅಷ್ಟರಾಗ ಸಹಿ ಬರಲಿಲ್ಲಂದ್ರ ನನ್ನ ಪಿಎಚ್‌ಡಿ... ತಿಳೀತ್ರಿ. ಪೂರ್ತಿ ಹೇಳಬ್ಯಾಡ್ರಿ, ತಿಳೀತು.

...

ಒಂದು ನಿಮಿಷ, ಫೋನು ಹಲಗಿ ಮ್ಯಾಲ ಇಡ್ತೀನಿ... ಆಯಿ, ಸೆರಗು ಕೊಡಿಲ್ಲೆ, ಒರಸ್ತೀನಿ. ದೇವರು ಸಿಟ್ಟಾಗೂದಿಲ್ಲ ಬಾ, ಅವನೂ ದಿನಾ ಮಾರಿ ತೊಳಕೋತಾನ... ಹಾಂ, ಈಗ ಲಾಳಿ ಒಗಿ.

...

ಸರ, ಅದು ಮಗ್ಗದ ಸಪ್ಪಳ. ಸ್ವಲ್ಪ ಹೊತ್ತು ಸುಮ್ಮನಿರ್ರಿ.

...

...

ಗಂಟಿ ಕೇಳಿಸ್ತೇನ್ರಿ?... ಕೆಟ್ಟಿಲ್ರಿ. ಎಳಿ ಹರದೈತಿ, ಅದಕ್ಕ ಬಾರಿಸೇತಿ. ಆಯಿ ಮಗ್ಗ ನಿಂದ್ರಿಸ್ಯಾಳ, ಬೆರಳಿಲೆ ತಡವಿ ಹುಡುಕಾಕತ್ತಾಳ... ಸಿಕ್ತು. ಗಂಟು ಹಾಕಿದ್ಲು. ಸಂದಿ ಬೀಳಲಿಲ್ರಿ ಸರ, ಬೀಳಲಿಲ್ಲ... ಇಲ್ರಿ, ಅಳಾಕತ್ತಿಲ್ಲ.

...

ವರದಿ, ಹಾಂ. ಬರಿಯಾಕತ್ತೇನಿ. ಇಪ್ಪತ್ತೊಂದು ದಿನ: ಕಣ್ಣು ಮುಚ್ಚಿತ್ತು. ಇವತ್ತು: ಹರಿದ ಎಳಿ ಒಂದು, ಕಂಡದ್ದು ಒಂದು. ಕೆಳಗ ಸಹಿ, ಬನಶಂಕರಿ... ಫೋಟೋ ತಗೊಂಡೆ. ಕಳಿಸಿದೆ, ನಿಮಗೂ, ಕುಲಪತಿಗಳ ಆಫೀಸಿಗೂ... ಎರಡು ನೀಲಿ ಗೀಟು ಬಿದ್ವಲ್ರಿ, ಓದಿದ್ರೇನು?... ಸರ?... ಹಲೋ? ಶರತ ಸರ?... ಆಯಿ, ಫೋನ ಇಟ್ಟಬಿಟ್ರು.